ಅರ್ಜಿಯಲ್ಲಿ ‘ಧರ್ಮ ಇಲ್ಲ’ ಎಂದು ಬರೆದೆವು

ಪ್ರಶ್ನೆ:

ನಾವು ಹುಬ್ಬಳ್ಳಿಯವರು, ಸಿ.ಎಸ್‌.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ಎರಡು ವರ್ಷದ ಹಿಂದೆ ಯಜಮಾನರ ಕೆಲಸಕ್ಕಾಗಿ ಜರ್ಮನಿಗೆ ಬಂದೆವು. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ಮನೆ. ಮಗನಿಗೆ ಹನ್ನೆರಡು, ಮಗಳಿಗೆ ಆರು. ಹುಬ್ಬಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದೆ. ಇಲ್ಲಿ ಜರ್ಮನ್ ಕ್ಲಾಸು, ಅಡುಗೆ, ಮಕ್ಕಳು, ಅಷ್ಟೆ.

ಬಂದ ಹೊಸತರಲ್ಲಿ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಣಿ ಮಾಡಿಸಬೇಕಿತ್ತು. ಅರ್ಜಿಯಲ್ಲಿ ಧರ್ಮದ ಕಾಲಂ ಇತ್ತು. ‘ಕ್ರೈಸ್ತ ಅಂತ ಬರೆದರೆ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರೆ, ಏನೂ ಇಲ್ಲ ಅಂತ ಬರೆಯಿರಿ’ ಎಂದು ಯಜಮಾನರ ಆಫೀಸಿನಲ್ಲಿ ನಮ್ಮ ದೇಶದವರೇ ಒಬ್ಬರು ಮೊದಲೇ ಹೇಳಿಕೊಟ್ಟಿದ್ದರು. ಅವರು ಹಾಗೇ ಬರೆದರು. ನಾನು ಪಕ್ಕದಲ್ಲೇ ಕೂತಿದ್ದೆ, ಏನೂ ಅನ್ನಲಿಲ್ಲ. ಅಂದಿನಿಂದ, ಯೇಸುವನ್ನು ‘ನಾನರಿಯೆ’ ಎಂದ ಪೇತ್ರನ ಕಥೆ ಓದಿದಾಗೆಲ್ಲ ಆ ಕೋಳಿ ಕೂಗಿದ್ದು ನಮ್ಮನ್ನು ನೋಡಿಯೇ ಅನ್ನಿಸುತ್ತದೆ.

ಊರಿನಲ್ಲಿ ಹಳೆಯ ದೊಡ್ಡ ಚರ್ಚಿದೆ. ಎರಡು ಸಲ ಹೋದೆವು. ಇಪ್ಪತ್ತು ಜನ ಇದ್ದರೆ ಹೆಚ್ಚು, ಎಲ್ಲರೂ ವಯಸ್ಸಾದವರು. ಸಭಾಪಾಲಕಿ ಬಾಗಿಲಲ್ಲಿ ನಿಂತು ಕೈಕುಲುಕಿದರು. ಉಳಿದವರು ಒಂದು ಮಾತೂ ಆಡದೆ ಕೋಟು ಹಾಕಿಕೊಂಡು ಹೋದರು. ಆಮೇಲೆ ಹೋಗುವ ಮನಸ್ಸಾಗಲಿಲ್ಲ. ಸ್ಟುಟ್‌ಗಾರ್ಟಿನಲ್ಲಿ ಮಲಯಾಳಿ, ತೆಲುಗು, ತಮಿಳು ಕುಟುಂಬಗಳು ಸೇರಿ ಬಾಡಿಗೆ ಹಾಲಿನಲ್ಲಿ ಇಂಗ್ಲಿಷ್ ಆರಾಧನೆ ನಡೆಸುತ್ತಾರೆ. ಹಾಡು, ಸಾಕ್ಷಿ, ಊಟ ಎಲ್ಲ ಇದೆ. ಹೋಗಿ ಬರುವುದಕ್ಕೆ ಇಡೀ ದಿನ ಹಿಡಿಯುತ್ತದೆ. ಅಲ್ಲಿಯ ಕೆಲವರು ‘ಜರ್ಮನರ ಚರ್ಚುಗಳು ಸತ್ತುಹೋಗಿವೆ, ಅತ್ತ ತಲೆ ಹಾಕಬೇಡಿ’ ಅನ್ನುತ್ತಾರೆ. ಯಜಮಾನರು ವಾರವೆಲ್ಲ ದುಡಿದು ‘ದೇವರು ಮನೆಯಲ್ಲೂ ಇದ್ದಾನೆ’ ಎಂದು ಮಲಗಿಬಿಡುತ್ತಾರೆ. ಮಗನ ಗೆಳೆಯ ಊಟಕ್ಕೆ ಬಂದ ದಿನ ನಾನು ಪ್ರಾರ್ಥನೆಗೆ ಕೈ ಜೋಡಿಸಿದರೆ, ಮಗ ಕನ್ನಡದಲ್ಲಿ ಮೆಲ್ಲಗೆ ‘ಇವತ್ತು ಬ್ಯಾಡಮ್ಮಾ’ ಅಂದ.

ಹುಬ್ಬಳ್ಳಿಯಿಂದ ಅವ್ವ ಪ್ರತಿ ಭಾನುವಾರ ಫೋನ್ ಮಾಡಿ ‘ದೇವಾಲಯಕ್ಕ ಹೋಗಿ ಬಂದ್ರಿಲ್ಲೋ?’ ಎಂದು ಕೇಳುತ್ತಾಳೆ. ‘ಹೂಂ’ ಅನ್ನುತ್ತೇನೆ. ಹೋಗಿರುವುದೇ ಇಲ್ಲ. ನಮ್ಮ ನಂಬಿಕೆ ಹುಬ್ಬಳ್ಳಿಯಲ್ಲೇ ಉಳಿದುಬಿಟ್ಟಿತೇ?

– ಹೆಸರು ಬೇಡ, ಜರ್ಮನಿ

ಉತ್ತರ:

ಪ್ರಿಯ ಸಹೋದರಿ,

ಅರ್ಜಿಯ ವಿಷಯವನ್ನು ನೀವು ಮೊದಲು ಬರೆದಿದ್ದೀರಿ, ಅವ್ವನ ವಿಷಯವನ್ನು ಕೊನೆಗೆ. ನಾನು ಕೊನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಸಂಕಟಗಳು ತಿಳಿಯಾಗಲು ತಿಂಗಳುಗಳು ಬೇಕು. ಇದಕ್ಕೆ ಒಂದು ಫೋನ್ ಸಾಕು.

ಬರುವ ಭಾನುವಾರ ಅವ್ವ ಕೇಳಿದಾಗ ಇದ್ದದ್ದನ್ನು ಇದ್ದಹಾಗೆ ಹೇಳಿಬಿಡಿ. ‘ಅವ್ವಾ, ಭಾಳ ದಿವಸದಿಂದ ನಾವು ಹೋಗೇ ಇಲ್ಲ. ಹೋಗೀವಿ ಅಂತ ನಿನಗ ಸುಳ್ಳು ಹೇಳೀನಿ. ಇಲ್ಲೆ ನನಗ ಒಬ್ಬಾಕಿಗೇ ಇದು ಆಗವಲ್ದು.’ ಇದಕ್ಕಿಂತ ಹೆಚ್ಚು ಬೇಕಿಲ್ಲ. ಆಕೆ ಬೈಯಬಹುದು, ಕಣ್ಣೀರು ಹಾಕಬಹುದು. ಆದರೆ ಮಕ್ಕಳ ಕಷ್ಟ ಕೇಳಿ ತಾಯಂದಿರು ಕುಗ್ಗುವುದಕ್ಕಿಂತ, ಮಕ್ಕಳು ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿಯಲ್ಲಿ ಕೊರಗುವುದೇ ಹೆಚ್ಚು. ನಿಮ್ಮ ‘ಹೂಂ’ ಎಂಥದ್ದೆಂದು ಆಕೆಗೆ ಆಗಲೇ ತಿಳಿದಿದ್ದರೂ ಆಶ್ಚರ್ಯವಿಲ್ಲ.

ಹೇಳಿದ ಮೇಲೆ ಆಕೆಗೊಂದು ಕೆಲಸ ಒಪ್ಪಿಸಿ. ಬೇಸಿಗೆಯಲ್ಲಿ ನಿಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ ಆದಾಗ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಒಂದು ಗಂಟೆ, ಚಳಿಗಾಲದಲ್ಲಿ ಎರಡು ಗಂಟೆ. ಆಕೆ ಆರಾಧನೆ ಮುಗಿಸಿ ಮನೆಗೆ ಬಂದಿರುತ್ತಾಳೆ, ನೀವು ನಾಷ್ಟಾಕ್ಕೆ ಕೂತಿರುತ್ತೀರಿ. ಫೋನನ್ನು ಮೇಜಿನ ಮೇಲಿಡಿ. ಸಭಾಪಾಲಕರು ಅಂದು ಯಾವ ಭಾಗ ಓದಿದರು, ಏನು ಬೋಧಿಸಿದರು ಎಂಬುದನ್ನು ಆಕೆ ಮೊಮ್ಮಕ್ಕಳಿಗೆ ಹೇಳಲಿ, ತನ್ನ ಮಾತಿನಲ್ಲೇ ಒಂದು ಪ್ರಾರ್ಥನೆ ಮಾಡಲಿ. ಹತ್ತು ನಿಮಿಷ ಸಾಕು. ಮಕ್ಕಳ ಕಿವಿಗೆ ಕನ್ನಡದ ಪ್ರಾರ್ಥನೆ ಬೀಳುತ್ತದೆ. ಇಷ್ಟು ದಿನ ದೂರದಿಂದ ಹಾಜರಿ ಕೇಳುತ್ತಿದ್ದ ಅವ್ವ ನಿಮ್ಮ ಜೊತೆ ಕೂತು ಪ್ರಾರ್ಥಿಸುವವಳಾಗುತ್ತಾಳೆ.

ಇನ್ನು ಆ ಅರ್ಜಿ. ಜರ್ಮನಿಯಲ್ಲಿ ವಿಳಾಸ ನೋಂದಾಯಿಸುವಾಗ ಕೇಳುವುದು ‘ನೀವು ಯಾರನ್ನು ನಂಬುತ್ತೀರಿ’ ಎಂದಲ್ಲ. ಸರ್ಕಾರದ ಮೂಲಕ ತೆರಿಗೆ ಎತ್ತುವ ಹಕ್ಕು ಪಡೆದ ಧಾರ್ಮಿಕ ಸಂಸ್ಥೆಗಳು ಅಲ್ಲಿ ಕೆಲವಿವೆ. ಕ್ಯಾಥೊಲಿಕ್ ಸಭೆ ಮತ್ತು ಪ್ರಾಟೆಸ್ಟೆಂಟರ ಪ್ರಾಂತೀಯ ಸಭೆಗಳು ಅವುಗಳಲ್ಲಿ ಮುಖ್ಯವಾದವು. ಅಂಥ ಯಾವುದಾದರೂ ಸಂಸ್ಥೆಗೆ ನೀವು ಸೇರಿದವರೇ ಎಂಬುದು ಆ ಕಾಲಮ್ಮಿನ ಪ್ರಶ್ನೆ. 1919ರ ವೈಮರ್ ಸಂವಿಧಾನದಲ್ಲಿದ್ದ ಈ ಏರ್ಪಾಡನ್ನು ಈಗಿನ ಜರ್ಮನ್ ಸಂವಿಧಾನವೂ ಹಾಗೆಯೇ ಉಳಿಸಿಕೊಂಡಿದೆ. ನೀವು ಸಿ.ಎಸ್‌.ಐ. ಸಭೆಯವರು. ಸಿ.ಎಸ್‌.ಐ. ಅಲ್ಲಿಯ ತೆರಿಗೆ ಎತ್ತುವ ಸಭೆಯಲ್ಲ. ಆ ದಿನ ನೀವು ಅಲ್ಲಿಯ ಯಾವ ಸಭೆಗೂ ಸೇರಿರಲೂ ಇಲ್ಲ. ಹಾಗಾಗಿ ಆ ಕಾಗದದಲ್ಲಿ ನೀವು ಕ್ರಿಸ್ತನನ್ನು ಅಲ್ಲಗಳೆದಿಲ್ಲ. ಈ ಭಾರವನ್ನು ಇವತ್ತೇ ಇಳಿಸಿಬಿಡಿ.

ಆದರೆ ನಿಮ್ಮ ಮನಸ್ಸು ಎರಡು ವರ್ಷ ಚುಚ್ಚುತ್ತಿರುವುದು ಸುಮ್ಮನೆ ಅಲ್ಲ ಎಂದೂ ನಾನು ನಂಬುತ್ತೇನೆ. ಈ ಕಾನೂನಿನ ವಿವರ ತಿಳಿದು ನೀವು ಹಾಗೆ ಬರೆದವರಲ್ಲ. ಹಣ ಉಳಿಯುತ್ತದೆ ಎಂದು ಯಾರೋ ಹೇಳಿದರು, ಹೊಸ ದೇಶದ ಗಾಬರಿಯಲ್ಲಿ ಬರೆದಿರಿ. ನಂಬಿಕೆಯ ವಿಷಯವನ್ನು ಗಂಡ ಹೆಂಡತಿ ಒಂದು ಮಾತೂ ಆಡದೆ ತೀರ್ಮಾನಿಸಿದ್ದು ಬಹುಶಃ ಅದೇ ಮೊದಲು. ಚುಚ್ಚುತ್ತಿರುವುದು ಆ ಮೌನ. ಪೇತ್ರನ ಕಥೆಯನ್ನು ಕೋಳಿ ಕೂಗಿದಲ್ಲಿಗೆ ಮುಚ್ಚಿಡದೆ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದವರೆಗೂ ಓದಿ. ತಿಬೇರಿಯ ಸಮುದ್ರದ ದಡದಲ್ಲಿ ಕರ್ತನು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ಮೊದಲು ಹಸಿದವರಿಗೆ ಊಟ ಕೊಡುತ್ತಾನೆ. ‘ಆ ರಾತ್ರಿ ಯಾಕೆ ಹಾಗೆ ಹೇಳಿದೆ’ ಎಂದು ಒಮ್ಮೆಯೂ ಕೇಳುವುದಿಲ್ಲ. ತನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿ, ಮೂರು ಸಲವೂ ಕುರಿ ಕಾಯುವ ಕೆಲಸ ಒಪ್ಪಿಸುತ್ತಾನೆ. ನಿಮ್ಮ ಮುಂದೆ ಈಗ ಇರುವ ಪ್ರಶ್ನೆಯೂ ಇದೇ ಎಂದು ನನಗೆ ತೋರುತ್ತದೆ. ಎರಡು ವರ್ಷದ ಹಿಂದೆ ಏನು ಬರೆದಿರಿ ಎಂಬುದು ಹಳೆಯ ಮಾತಾಯಿತು. ಅಲ್ಲಿ ಯಾರ ಜೊತೆ ಸೇರಿ, ಏನು ಕೆಲಸ ಮಾಡುತ್ತೀರಿ?

ಏಕೆಂದರೆ ಹುಬ್ಬಳ್ಳಿಯಲ್ಲಿ ಸಭೆಗೆ ಸೇರುವ ಕೆಲಸವನ್ನು ನೀವು ಮಾಡಲೇ ಇಲ್ಲ. ಹುಟ್ಟುವಾಗಲೇ ಸೇರಿದ್ದಿರಿ. ದೀಕ್ಷಾಸ್ನಾನ, ಭಾನುವಾರ ಶಾಲೆ, ದೃಢೀಕರಣ, ಮದುವೆ ಎಲ್ಲ ಅದೇ ಅಂಗಳದಲ್ಲಿ ಆಯಿತು. ಒಂದು ವಾರ ತಪ್ಪಿಸಿಕೊಂಡರೆ ಸೋಮವಾರ ಮಾರ್ಕೆಟ್ಟಿನಲ್ಲಿ ಸಿಕ್ಕ ಯಾರೋ ಚಿಕ್ಕಮ್ಮ ‘ಯಾಕ ಬಂದಿದ್ದಿಲ್ಲ, ಆರಾಮ ಇಲ್ಲೇನು?’ ಎಂದು ಕೇಳುತ್ತಿದ್ದರು. ಜೊತೆಗೆ ಅಕ್ಕಪಕ್ಕದ ಮನೆಗಳಲ್ಲೂ ದೇವರಿತ್ತು. ಎದುರು ಮನೆಯಲ್ಲಿ ಗುರುವಾರದ ಪೂಜೆ, ಹಿಂದಿನ ಓಣಿಯಲ್ಲಿ ರೋಜಾ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 2ಕ್ಕಿಂತಲೂ ಕಡಿಮೆ. ಆದರೂ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಕೂತರೆ ನಿಮ್ಮನ್ನು ವಿಚಿತ್ರವಾಗಿ ನೋಡುವವರು ಅಲ್ಲಿ ಇರಲಿಲ್ಲ. ಈಗ ನೀವಿರುವುದು ನೂರಾರು ವರ್ಷ ಕ್ರೈಸ್ತರದ್ದೇ ಆಗಿದ್ದ ನಾಡು, ಅಲ್ಲಿ ಪ್ರಾರ್ಥನೆ ಬಾಗಿಲು ಹಾಕಿಕೊಂಡು ಮಾಡುವ ಸಂಗತಿಯಾಗಿದೆ. ಊರು, ಓಣಿ, ನೆಂಟರು ಎಲ್ಲ ಸೇರಿ ಹೊರುತ್ತಿದ್ದುದನ್ನು ನೀವು ಒಬ್ಬರೇ ಹೊರಲು ಹೋಗಿ ದಣಿದಿದ್ದೀರಿ. ನಂಬಿಕೆ ಸತ್ತಿದ್ದರೆ ಈ ಪತ್ರ ಬರುತ್ತಿರಲಿಲ್ಲ.

ನಿಮ್ಮ ಊರಿನ ಆ ಚರ್ಚಿನ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ಚರ್ಚುಗಳು ಖಾಲಿಯಾಗುತ್ತಿರುವುದು ನಿಜ. 2022ರ ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಕ್ಯಾಥೊಲಿಕ್ ಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಪ್ರಾಟೆಸ್ಟೆಂಟ್ ಸಭೆಗಳ ಸ್ಥಿತಿಯೂ ಬೇರೆಯಲ್ಲ. ಆದರೆ ‘ಸತ್ತುಹೋಗಿವೆ, ತಲೆ ಹಾಕಬೇಡಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಕೇಳಿದಾಗ ನನಗೆ ನೋವೂ ಆಗುತ್ತದೆ. ಹುಬ್ಬಳ್ಳಿಯ ಸಭೆಯವರಿಗೆ ಸ್ಟುಟ್‌ಗಾರ್ಟಿನ ಸುತ್ತಲಿನ ನಾಡು ಪರಕೀಯವಲ್ಲ. 1834ರಲ್ಲಿ ಮಂಗಳೂರು ತಲುಪಿ, 1837ರಲ್ಲಿ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಬಂದು ನಿಮ್ಮ ಸಭೆ ಕಟ್ಟಿದ ಬಾಸೆಲ್ ಮಿಷನ್ನಿನ ಕಚೇರಿ ಸ್ವಿಟ್ಜರ್‌ಲೆಂಡಿನಲ್ಲಿತ್ತು. ಅದರ ಜನ ಬಹುಪಾಲು ಬಂದದ್ದು ನೀವೀಗ ಇರುವ ವ್ಯೂರ್ಟೆಂಬರ್ಗಿನ ಹಳ್ಳಿ ಪಟ್ಟಣಗಳಿಂದ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ಸ್ಟುಟ್‌ಗಾರ್ಟಿಗೆ ಅಂಟಿಕೊಂಡಿರುವ ಎಸ್ಲಿಂಗೆನ್‌ನಲ್ಲಿ, 1881ರಲ್ಲಿ. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅವರೂ ಒಂದು ದಿನ ಭಾಷೆ ಬಾರದ ಊರಿಗೆ ಬಂದು, ಬಿಸಿಲಿಗೆ ಬೆಂದು, ಕಾಯಿಲೆ ಬಿದ್ದು, ಮಕ್ಕಳನ್ನು ದೂರದ ಶಾಲೆಗಳಿಗೆ ಕಳಿಸಿ ಅತ್ತವರು. ಅವರನ್ನು ಕಳಿಸಿದ ಹಣದಲ್ಲಿ ಬಡ ರೈತರು, ಮನೆಗೆಲಸದ ಹೆಂಗಸರು ವಾರಕ್ಕೊಂದರಂತೆ ಹಾಕಿದ ಚಿಲ್ಲರೆ ಕಾಸೂ ಇತ್ತು. ನಿಮ್ಮ ಊರಿನ ಚರ್ಚಿನಲ್ಲಿ ಕೂತಿದ್ದ ಆ ಇಪ್ಪತ್ತು ಮಂದಿಯಲ್ಲಿ ಯಾರ ಮುತ್ತಜ್ಜಿ ಆ ಕಾಸು ಹಾಕಿದ್ದರೋ!

ಇದನ್ನು ಅವರಿಗೂ ಹೇಳಿ. ಸಭಾಪಾಲಕಿಯನ್ನು ಭಾನುವಾರ ಬಾಗಿಲಲ್ಲಿ ಹಿಡಿಯಬೇಡಿ. ಕೈಕುಲುಕುವ ಆ ಅರ್ಧ ನಿಮಿಷದಲ್ಲಿ ಏನೂ ಆಗುವುದಿಲ್ಲ. ವಾರದ ನಡುವೆ ಸಮಯ ಕೇಳಿಕೊಂಡು ಸಭೆಯ ಕಚೇರಿಗೆ ಹೋಗಿ. ‘ನಾವು ದಕ್ಷಿಣ ಭಾರತದ ಸಿ.ಎಸ್‌.ಐ. ಸಭೆಯವರು, ಬಾಸೆಲ್ ಮಿಷನ್ ಕಟ್ಟಿದ ಸಭೆಯಿಂದ ಬಂದವರು’ ಎಂದು ಪರಿಚಯ ಹೇಳಿಕೊಳ್ಳಿ. ಸ್ಟುಟ್‌ಗಾರ್ಟಿನಲ್ಲೇ ಕಚೇರಿ ಇರುವ ಇ.ಎಂ.ಎಸ್. ಎಂಬ ಮಿಷನ್ ಒಕ್ಕೂಟದಲ್ಲಿ ಸಿ.ಎಸ್‌.ಐ. ಕೂಡ ಸದಸ್ಯ ಸಭೆ. ನಿಮ್ಮ ಹೆಸರು ಅವರಿಗೆ ಹೊಸದಿರಬಹುದು, ನಿಮ್ಮ ಸಭೆಯ ಹೆಸರು ಹೊಸದಾಗಿರಲಿಕ್ಕಿಲ್ಲ.

ಅವರು ಮಾತಾಡದೆ ಹೋದದ್ದನ್ನು ತಿರಸ್ಕಾರ ಎಂದುಕೊಳ್ಳಬೇಡಿ. ಅಪರಿಚಿತರನ್ನು ತಾವಾಗಿ ಮಾತಾಡಿಸುವುದು ಆ ಸೀಮೆಯ ವಯಸ್ಸಾದವರಿಗೆ ಅಷ್ಟು ಸುಲಭವಲ್ಲ. ನಿಮ್ಮ ಖಾಸಗಿತನಕ್ಕೆ ಕೈ ಹಾಕಿದಂತಾದೀತೆಂಬ ಸಂಕೋಚವೂ ಇರುತ್ತದೆ. ಅವರ ಜೊತೆ ಕೂತವರಿಗಿಂತ ಕೆಲಸ ಮಾಡಿದವರಿಗೆ ಅವರು ಬೇಗ ಹತ್ತಿರವಾಗುತ್ತಾರೆ. ಆದ್ದರಿಂದ ಕಚೇರಿಯಲ್ಲಿ ‘ಇಲ್ಲಿ ಯಾವ ಕಾರ್ಯಕ್ರಮಗಳಿವೆ’ ಎಂದು ಕೇಳುವ ಬದಲು ‘ನಾನು ಏನು ಮಾಡಲಿ’ ಎಂದು ಕೇಳಿ. ನಿಮ್ಮಲ್ಲಿ ಅವರಿಗೆ ಬೇಕಾದದ್ದೇ ಇದೆ: ನೀವು ಟೀಚರ್. ವ್ಯೂರ್ಟೆಂಬರ್ಗಿನ ಸಭೆಗಳಲ್ಲಿ ನಮ್ಮ ಭಾನುವಾರ ಶಾಲೆಯಂಥದ್ದೇ ಮಕ್ಕಳ ಆರಾಧನೆ ನಡೆಯುತ್ತದೆ. ಅದನ್ನು ನಡೆಸಲು ಜನ ಸಿಗದೆ ಒದ್ದಾಡುವ ಸಭೆಗಳು ಎಷ್ಟೋ. ನಿಮ್ಮ ಜರ್ಮನ್ ತಪ್ಪಾದರೆ ಆರು ವರ್ಷದ ಮಕ್ಕಳು ತಿದ್ದುತ್ತಾರೆ, ಭಾಷೆ ಕಲಿಯಲು ಅವರಿಗಿಂತ ಒಳ್ಳೆಯ ಗುರುಗಳಿಲ್ಲ. ಕ್ರಿಸ್‌ಮಸ್ ಹಿಂದಿನ ಸಂಜೆ ಮಕ್ಕಳು ಆಡುವ ಯೇಸುವಿನ ಜನನದ ನಾಟಕ ಆ ನಾಡಿನಲ್ಲಿ ದೊಡ್ಡ ಸಂಗತಿ. ವರ್ಷವಿಡೀ ಬಾರದವರೂ ಅಂದು ಬರುತ್ತಾರೆ, ಖಾಲಿ ಚರ್ಚು ತುಂಬುತ್ತದೆ. ಅದರ ತಾಲೀಮಿಗೆ ಮಗಳನ್ನು ಸೇರಿಸಿ, ಬಟ್ಟೆ ಹೊಲಿಯಲು ನೀವು ಸೇರಿಕೊಳ್ಳಿ.

ಅಕ್ಟೋಬರಿನ ಮೊದಲ ಭಾನುವಾರ ಅವರಿಗೆ ಸುಗ್ಗಿಯ ಕೃತಜ್ಞತೆಯ ಹಬ್ಬ. ವೇದಿಯ ಮುಂದೆ ಕುಂಬಳಕಾಯಿ, ಎಲೆಕೋಸು, ಸೇಬು, ದೊಡ್ಡ ಬ್ರೆಡ್ಡು ಜೋಡಿಸುತ್ತಾರೆ. ನಮ್ಮ ಬೆಳೆಹಬ್ಬವೇ ಅದು. ಜೋಳದ ತೆನೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ, ಯಾರೋ ಮನೆಯಲ್ಲಿ ಕರಿದು ತಂದ ಚಕ್ಕುಲಿ ಎಲ್ಲ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವಾಗುವಾಗ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗುವ ಆ ಸಂಭ್ರಮವನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಅಲ್ಲಿ ಲಿಲಾವಿನ ಗದ್ದಲ ಇರಲಿಕ್ಕಿಲ್ಲ. ತಂದದ್ದನ್ನು ಎಷ್ಟೋ ಕಡೆ ಬಡವರಿಗೆ ಆಹಾರ ಹಂಚುವ ಸಂಸ್ಥೆಗಳಿಗೆ ಕೊಡುತ್ತಾರೆ. ಆ ದಿನ ಒಂದು ಡಬ್ಬಿ ಚಕ್ಕುಲಿ ಮಾಡಿಕೊಂಡು ಹೋಗಿ, ನಮ್ಮ ಹಬ್ಬದ ಕಥೆ ಹೇಳಿ. ಮಾರ್ಚಿನ ಮೊದಲ ಶುಕ್ರವಾರ ಸ್ತ್ರೀಯರ ವಿಶ್ವ ಪ್ರಾರ್ಥನಾ ದಿನ. ಒಂದು ದೇಶದ ಸ್ತ್ರೀಯರು ಬರೆದ ಆರಾಧನೆಯನ್ನು ಜಗತ್ತಿನ ಎಲ್ಲೆಡೆ ನಡೆಸುವ ದಿನವದು, ಜರ್ಮನಿಯ ಸಣ್ಣ ಊರುಗಳಲ್ಲೂ ಹೆಂಗಸರು ಶ್ರದ್ಧೆಯಿಂದ ನಡೆಸುತ್ತಾರೆ. ಸ್ಟುಟ್‌ಗಾರ್ಟಿನ ಲಿಯೊನ್‌ಹಾರ್ಡ್ ಚರ್ಚಿನಲ್ಲಿ 1995ರಿಂದ ಪ್ರತಿ ಚಳಿಗಾಲ ಕೆಲವು ವಾರ ಚರ್ಚನ್ನೇ ಊಟದ ಮನೆ ಮಾಡಿ, ಮನೆಯಿಲ್ಲದವರಿಗೆ, ಒಂಟಿ ಮುದುಕರಿಗೆ ಬಿಸಿ ಊಟ ಬಡಿಸುತ್ತಾರೆ. ತಟ್ಟೆ ಹಿಡಿದು ಬಡಿಸಲು ಹೆಚ್ಚು ಭಾಷೆ ಬೇಕಿಲ್ಲ. ಯಜಮಾನರನ್ನು ಆರಾಧನೆಗೆ ಕರೆಯುವ ಮೊದಲು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿ.

ಸ್ಟುಟ್‌ಗಾರ್ಟಿನ ಆ ಭಾರತೀಯ ಗುಂಪನ್ನು ಬಿಡಬೇಡಿ. ತಿಂಗಳಿಗೊಮ್ಮೆ ಹೋಗಿ. ನಮ್ಮ ರಾಗದ ಹಾಡು, ನಮ್ಮ ಊಟ, ‘ಊರಿನಿಂದ ಯಾವಾಗ ಬಂದಿರಿ’ ಎಂದು ಕೇಳುವ ಜನ, ಇವು ಸಣ್ಣ ಸಂಗತಿಗಳಲ್ಲ. 1960ರ ದಶಕದಿಂದ ಜರ್ಮನಿಗೆ ನರ್ಸುಗಳಾಗಿ ಬಂದ ಸಾವಿರಾರು ಕೇರಳದ ಹೆಣ್ಣುಮಕ್ಕಳು ಇಂಥ ಗುಂಪುಗಳಲ್ಲೇ ಉಸಿರಾಡಿ ಬಾಳು ಕಟ್ಟಿಕೊಂಡರು. ಆದರೆ ಬೇರೆ ಸಭೆಗೆ ಹೋದರೆ ಶಾಪ ಬರುತ್ತದೆ ಎನ್ನುವವರು, ಡಾಕ್ಟರ ಬಳಿ ಹೋಗಬೇಡಿ ಎನ್ನುವವರು, ಸಂಬಳದ ಹತ್ತನೆಯ ಪಾಲನ್ನು ಹೆದರಿಸಿ ಕೇಳುವವರು ಎಲ್ಲೇ ಸಿಕ್ಕರೂ ದೂರ ಇರಿ. ಪರದೇಶದ ಒಂಟಿತನ ಎಂಥ ಜಾಣರನ್ನೂ ಇಂಥವರ ಕೈಗೆ ಒಪ್ಪಿಸುವುದನ್ನು ಕಂಡಿದ್ದೇನೆ.

ಮಗನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಅವನು ನಾಚಿದ್ದು ಕ್ರಿಸ್ತನ ಬಗ್ಗೆ ಎಂದು ನನಗೆ ಅನ್ನಿಸುವುದಿಲ್ಲ. ಬಣ್ಣ ಬೇರೆ, ಹೆಸರು ಬೇರೆ, ಡಬ್ಬಿಯ ಊಟ ಬೇರೆ. ಹನ್ನೆರಡು ವರ್ಷದ ಹುಡುಗ ಇನ್ನೊಂದು ‘ಬೇರೆ’ಯನ್ನು ಗೆಳೆಯನ ಮುಂದೆ ತೋರಿಸಿಕೊಳ್ಳಲಾರದೆ ಹೋದ. ಮುಂದಿನ ಸಲ ಗೆಳೆಯ ಬಂದಾಗಲೂ ಊಟದ ಪ್ರಾರ್ಥನೆ ನಿಲ್ಲಿಸಬೇಡಿ, ಆದರೆ ನೀವು ಮಾಡಿ, ಅವನಿಂದ ಮಾಡಿಸಬೇಡಿ. ಎರಡು ಸಾಲು ಸಾಕು. ಅತಿಥಿಗೆ ‘ನಮ್ಮ ಮನೆಯ ಪದ್ಧತಿ’ ಎಂದರೆ ಅವನು ಸುಮ್ಮನೆ ಕೂರುತ್ತಾನೆ.

ನಿಮಗೆ ಬಹುಶಃ ಯಾರೂ ಹೇಳಿರದ ಒಂದು ಮಾತಿದೆ. ಜರ್ಮನಿಯ ಬಹುತೇಕ ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ಧರ್ಮ ಒಂದು ಪಾಠದ ವಿಷಯ. ಪ್ರಾಟೆಸ್ಟೆಂಟ್ ಮಕ್ಕಳಿಗೆ, ಕ್ಯಾಥೊಲಿಕ್ ಮಕ್ಕಳಿಗೆ ಬೇರೆ ಬೇರೆ ತರಗತಿ ಇರುತ್ತದೆ, ಬೇಡವೆಂದವರಿಗೆ ನೀತಿಶಾಸ್ತ್ರ. ನೋಂದಣಿಯಲ್ಲಿ ‘ಇಲ್ಲ’ ಎಂದಿರುವುದರಿಂದ ನಿಮ್ಮ ಮಗನನ್ನು ನೀತಿಶಾಸ್ತ್ರಕ್ಕೆ ಹಾಕಿರಬಹುದು. ಶಾಲೆಗೆ ಹೋಗಿ ಕೇಳಿ. ಸದಸ್ಯರಲ್ಲದ ಮಕ್ಕಳನ್ನೂ ಪ್ರಾಟೆಸ್ಟೆಂಟ್ ತರಗತಿಗೆ ಸೇರಿಸಿಕೊಳ್ಳುವ ದಾರಿ ಇದೆ. ಬೈಬಲ್ಲಿನ ಬಗ್ಗೆ ಜರ್ಮನ್ ಭಾಷೆಯಲ್ಲಿ, ತನ್ನದೇ ವಯಸ್ಸಿನವರ ಜೊತೆ ವಾದ ಮಾಡಲು ಅವನಿಗೊಂದು ಜಾಗ ಬೇಕು. ಅಮ್ಮನ ಕನ್ನಡದಲ್ಲಿ ಮಾತ್ರ ಇರುವ ದೇವರು ಅವನಿಗೆ ಹುಬ್ಬಳ್ಳಿಯ ನೆನಪಾಗಿ ಉಳಿದುಬಿಡುವ ಅಪಾಯವಿದೆ. ಇನ್ನೊಂದು ವರ್ಷಕ್ಕೆ ಅವನ ವಯಸ್ಸಿನ ಮಕ್ಕಳಿಗೆ ದೃಢೀಕರಣದ ತರಗತಿಗಳು ಶುರುವಾಗುತ್ತವೆ. ಊರಿನ ಚರ್ಚಿನಲ್ಲಿ ನಿಮಗೆ ಕಾಣದ ಹುಡುಗ ಹುಡುಗಿಯರು ಸಿಗುವುದು ಅಲ್ಲಿ.

ಆ ದೇಶದ 1921ರ ಕಾನೂನೊಂದರ ಪ್ರಕಾರ ಹನ್ನೆರಡು ತುಂಬಿದ ಮಗುವಿನ ಧರ್ಮಶಿಕ್ಷಣವನ್ನು ಅದರ ಇಚ್ಛೆಗೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ, ಹದಿನಾಲ್ಕಕ್ಕೆ ತನ್ನ ಧರ್ಮವನ್ನು ಮಗುವೇ ತೀರ್ಮಾನಿಸಬಹುದು. ಇದನ್ನು ಕೇಳಿ ಹೆದರಬೇಡಿ. ಅವನಿಗೆ ಇಷ್ಟು ಬೆಲೆ ಕೊಡುವ ದೇಶದಲ್ಲಿ ನೀವೂ ಅವನಿಗೆ ಅಷ್ಟೇ ಬೆಲೆ ಕೊಡಿ. ಆಜ್ಞೆ ಮಾಡುವ ಮೊದಲು ಕೇಳಿ: ‘ನಿನಗೆ ಇಲ್ಲಿ ಯೇಸುವಿನ ಬಗ್ಗೆ ಏನನ್ನಿಸುತ್ತದೆ? ಹುಬ್ಬಳ್ಳಿಯ ಚರ್ಚಿನಲ್ಲಿ ನಿನಗೆ ಏನು ಇಷ್ಟ ಇತ್ತು, ಏನು ಬೇಸರ ಇತ್ತು?’ ಅವನು ಏನೇ ಹೇಳಲಿ, ಆ ದಿನ ತಿದ್ದಬೇಡಿ.

ಈಗ ನಿಮ್ಮ ಬಗ್ಗೆ. ಹತ್ತು ಮನೆಗಳ ಮಕ್ಕಳು ‘ಟೀಚರ್’ ಎಂದು ಓಡಿ ಬರುತ್ತಿದ್ದವರು ನೀವು. ಇಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದೀರಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಅಲ್ಲಿ ಸೂರ್ಯ ಮುಳುಗುತ್ತಾನೆ. ಈ ದುಃಖವನ್ನು ನೀವು ‘ನಂಬಿಕೆ ಕಡಿಮೆಯಾಗಿದೆ’ ಎಂದು ಓದಿಕೊಂಡಿರುವ ಸಾಧ್ಯತೆ ಇದೆ. ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ತಪ್ಪದೆ ಹೇಳಿ. ಬಾಬೆಲಿನ ಹೊಳೆ ದಂಡೆಯಲ್ಲಿ ಕೂತು ಅತ್ತ ಸೆರೆಯವರ ಕೀರ್ತನೆಯೂ ನಮ್ಮ ಬೈಬಲ್ಲಿನಲ್ಲೇ ಇದೆ, ಅದೇ ಬಾಬೆಲಿಗೆ ಯೆರೆಮೀಯ ಬರೆದ ಪತ್ರವೂ ಇದೆ: ಮನೆ ಕಟ್ಟಿ, ತೋಟ ಹಾಕಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ ಎಂದು. ಅತ್ತವರಿಗೇ ಆತ ಬರೆದದ್ದು. ಅಳಬೇಡಿ ಎಂದು ಆ ಪತ್ರದಲ್ಲಿ ಇಲ್ಲ.

ಕೊನೆಗೆ ಯಜಮಾನರು ಮತ್ತು ಆ ತೆರಿಗೆ. ಶನಿವಾರ ರಾತ್ರಿ ಅವರು ದಣಿದಿರುವಾಗ ಈ ಮಾತು ತೆಗೆಯಬೇಡಿ. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ವಿಶ್ರಾಂತಿಗೆಂದೇ ಕಾನೂನು ಕಾಪಾಡಿದ ದಿನವದು. ಅವರನ್ನು ಮಲಗಲು ಬಿಡಿ. ಮಧ್ಯಾಹ್ನ ಇಬ್ಬರೇ ನಡೆಯಲು ಹೋಗಿ, ಲೆಕ್ಕವನ್ನು ಮುಂದಿಡಿ. ಚರ್ಚ್ ತೆರಿಗೆ ಸಂಬಳದ ಮೇಲೆ ಬೀಳುವುದಲ್ಲ, ಆದಾಯ ತೆರಿಗೆಯ ಮೇಲೆ. ನಿಮ್ಮ ರಾಜ್ಯದಲ್ಲೂ ಬವೇರಿಯಾದಲ್ಲೂ ಅದು ಶೇ 8, ಉಳಿದ ರಾಜ್ಯಗಳಲ್ಲಿ ಶೇ 9. ವರ್ಷಕ್ಕೆ 5,000 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ ಚರ್ಚ್ ತೆರಿಗೆ 400 ಯೂರೋ, ತಿಂಗಳಿಗೆ 33ರಷ್ಟು. ಮಕ್ಕಳಿದ್ದರೆ ಇನ್ನೂ ಇಳಿಯುತ್ತದೆ. ಕಟ್ಟಿದ್ದನ್ನು ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸಲೂಬಹುದು. ಗಂಡ ಹೆಂಡತಿಯಲ್ಲಿ ಒಬ್ಬರೇ ಸೇರಿದರೆ ಲೆಕ್ಕ ಬೇರೆಯಾಗಬಹುದು, ಸಭೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ನೀವು ಕೊಡುತ್ತಿದ್ದ ವಂತಿಗೆ, ಕಾಣಿಕೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಂದೇ ಸಂಬಳದಲ್ಲಿ ಊರಿಗೂ ಹಣ ಕಳಿಸುತ್ತಿದ್ದರೆ ‘ಈ ವರ್ಷ ಬೇಡ’ ಎಂದು ಅವರು ಹೇಳಬಹುದು. ಅದೂ ಪ್ರಾಮಾಣಿಕ ಉತ್ತರವೇ. ಸದಸ್ಯರಾಗದಿದ್ದರೂ ಆರಾಧನೆಯ ಬಾಗಿಲು ಯಾರಿಗೂ ಮುಚ್ಚಿಲ್ಲ. ಆದರೆ ಈ ಸಲ ಇಬ್ಬರೂ ಮಾತಾಡಿ ತೀರ್ಮಾನಿಸಿ.

ಸೇರುವುದೆಂದಾದರೆ ದೀಕ್ಷಾಸ್ನಾನದ ಪತ್ರ ಬೇಕಾಗುತ್ತದೆ. ನಾಲ್ವರದೂ ಒಟ್ಟಿಗೆ, ಇಂಗ್ಲಿಷಿನಲ್ಲಿ, ಸಭೆಯ ಮೊಹರಿನೊಂದಿಗೆ ತರಿಸಿಕೊಳ್ಳಿ. ಮಗನ ದೃಢೀಕರಣದ ತರಗತಿಗೂ ಅದೇ ಪತ್ರ ಉಪಯೋಗಕ್ಕೆ ಬರುತ್ತದೆ. ಕ್ರಿಸ್‌ಮಸ್ ಕಳೆದ ಮೇಲೆ ನನಗೊಂದು ಪತ್ರ ಬರೆಯಿರಿ. ಮಗ ನಿಮ್ಮ ಪ್ರಶ್ನೆಗೆ ಏನೆಂದ ಎಂಬುದನ್ನು ಅದರಲ್ಲಿ ತಪ್ಪದೆ ತಿಳಿಸಿ.